ಕುಂತಿದ್ದನೋ, ಮಲಗಿದ್ದನೋ

ಅವತ್ತು ನಳಕ್ಕೆ ನೀರು ಬರುವ ದಿನ. ಆ ದಿನ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಉಳಿದ ಕೆಲಸಗಳೆಲ್ಲ ನೀರಿನ ಹಿಂದೆ ಸರದಿಯಲ್ಲಿ ನಿಲ್ಲುತ್ತವೆ. ಇನ್ನೂ ನಸುಗತ್ತಲೆ ಇರುವಾಗಲೇ ಎದುರು ಮನೆಯ ಭಾಭಿ ನಮ್ಮ ಗೇಟಿನ ಕೊಂಡಿ ಬಡಿದು, "ಅಕ್ಕಾರ, ನೀರ ಬಂತ್ರಿ, ಲಗೂ ಏಳ್ರಿ" ಎಂದರು. ಅವರ ಯಜಮಾನರು ಗಾಡಿ ರಿಪೇರಿಯವರು. ಈ ಓಣಿಗೆ ಬಾಡಿಗೆಗೆ ಬಂದು ಬಹಳ ಕಾಲವಾಗಿಲ್ಲ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಎಲ್ಲರೂ ಭಾಭಿ ಅನ್ನುತ್ತಾರೆಂದು ನಾನೂ ಭಾಭಿ ಅನ್ನುತ್ತೇನೆ. ಬೇರೆಯವರ ಮನೆಯ ನೀರಿನ ಚಿಂತೆಯನ್ನೂ ತಮ್ಮ ತಲೆಗೇ ಕಟ್ಟಿಕೊಳ್ಳುವ ಹೆಂಗಸು.

ಮೊದಲು ಬರುವ ನೀರು ಸ್ವಲ್ಪ ಕೆಂಪು. ಅದನ್ನು ದಾಸವಾಳದ ಬುಡಕ್ಕೆ ಬಿಟ್ಟು, ತಿಳಿಯಾದ ಮೇಲೆ ಕುಡಿಯುವ ನೀರಿನ ತಾಮ್ರದ ಕೊಡ ತುಂಬಿ, ಕೊನೆಗೆ ಬ್ಯಾರಲ್‌ಗೆ ಪೈಪು ಹಾಕಿದೆ. ಬ್ಯಾರಲ್ ತುಂಬುವ ಸದ್ದಿನ ಮೇಲೆ ಒಂದು ಕಿವಿ ಇಟ್ಟು ರೊಟ್ಟಿ ಬಡಿಯಬಹುದು. ತಳದಲ್ಲಿರುವಾಗ ನೀರಿನದು ಗಡಸು ದನಿ, ಮೇಲೆ ಬಂದಂತೆ ತೆಳುವಾಗುತ್ತದೆ. ಅವತ್ತು ಆ ತೆಳುವಾದ ದನಿ ನನಗೆ ಕೇಳಿಸಲಿಲ್ಲ. ಬ್ಯಾರಲ್ ತುಂಬಿ ಅಂಗಳಕ್ಕೆ ಹರಿದಾಗ ನನ್ನ ಯಜಮಾನರೇ ಹೋಗಿ ಪೈಪು ತೆಗೆದರು. ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಊಟಕ್ಕೆ ಕೂತರು. ತಾರಿಹಾಳದಲ್ಲಿ ಅವರದು ಪಂಪಿನ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪು, ಎಂಟಕ್ಕೆಲ್ಲ ಅಲ್ಲಿರಬೇಕು.

"ಇವತ್ತ ಹೋಗಾಕೀ ಏನ?" ಎಂದರು, ರೊಟ್ಟಿ ಮುರಿಯುತ್ತ.

"ಹೂಂ. ಮಧ್ಯಾಹ್ನದ ಆಟಕ್ಕ."

"ನಾ ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಕಡಿಂದ ನೋಡೂದ ಆಗೂದಿಲ್ಲ."

"ನಿಮ್ಮನ್ನ ಬರ್ರಿ ಅಂತ ನಾ ಎಲ್ಲಿ ಕರದೇನಿ?"

"ಖರೇ ಐತಿ. ಕರದಿಲ್ಲ," ಎಂದು ಸಣ್ಣಗೆ ನಕ್ಕರು. ಡಬ್ಬಿ ಹಿಡಿದು ಗೇಟಿನ ತನಕ ಹೋದವರು ತಿರುಗಿ ಬಂದು, "ಅಲ್ಲಿ ಎಸಿ ಭಾಳ ಹಾಕಿರ್ತಾರ. ಶಾಲ್ ತಗೊಂಡ ಹೋಗು," ಎಂದರು. ಆ ಮಾತಿನಲ್ಲಿ ಅವರು ಹೇಳಬೇಕಾದದ್ದೆಲ್ಲ ಇತ್ತು ಎಂದು ನನಗೆ ಗೊತ್ತು. ಆದರೂ ಅವರ ಸ್ಕೂಟರ್ ಸದ್ದು ಓಣಿಯ ತಿರುವಿನಲ್ಲಿ ಅಡಗಿದ ಮೇಲೆ ಮನೆ ಬಹಳ ದೊಡ್ಡದಾಗಿ ಕಂಡಿತು.

ನಾನು ನೋಡಲು ಹೊರಟದ್ದು ನನ್ನ ತಮ್ಮನ ಸಾವನ್ನು.

ಅವನು ಬ್ಯಾಂಕಿನಲ್ಲಿದ್ದ. ರಜೆ ಸಿಕ್ಕರೆ ಬಾದಾಮಿಯ ಬಂಡೆಗಳಿಗೆ ಹಗ್ಗ ಹಾಕಿಕೊಂಡು ನೇತಾಡುವವನು. "ನಮ್ಮ ನೃಪತುಂಗ ಬೆಟ್ಟ ಸಾಲದೇನ ನಿನಗ? ಮ್ಯಾಲ ಹೋಗಿ ಗಿರಮಿಟ್ ತಿಂದ ಬಾ," ಎಂದು ಅವ್ವ ಬೈಯುತ್ತಿದ್ದಳು. ಕೊನೆಗೆ ಹಿಮಾಲಯದ ಒಂದು ಶಿಖರಕ್ಕೆ ಹೊರಟ ತಂಡದ ಜೊತೆ ಹೋದ. ಬಿರುಗಾಳಿಯಲ್ಲಿ ಸಿಕ್ಕು ಮೂವರು ಮೇಲೆಯೇ ಉಳಿದರು. ಅವರಲ್ಲಿ ಇವನೊಬ್ಬ. ಅಷ್ಟು ಎತ್ತರದಿಂದ ಯಾರನ್ನೂ ಇಳಿಸಿ ತರಲಾಗುವುದಿಲ್ಲ ಎಂದರು. ನಾವೂ ಆಯಿತು ಎಂದೆವು. ಹಾಗನ್ನದೆ ಇನ್ನೇನು ಮಾಡಲು ಬರುತ್ತಿತ್ತು.

ಕೆಲವು ವರ್ಷಗಳ ಮೇಲೆ ಮುಂಬಯಿಯಿಂದ ಫೋನು ಬಂತು. ಆ ದುರಂತದ ಮೇಲೆ ಹಿಂದಿ ಸಿನಿಮಾ ಮಾಡುತ್ತೇವೆ, ನಿಮ್ಮ ಒಪ್ಪಿಗೆ ಬೇಕು ಎಂದು. ಅವ್ವನ ಜೊತೆ ಧಾರವಾಡದಲ್ಲಿರುವ ನಮ್ಮ ಅಣ್ಣ ಸ್ಪೀಕರ್ ಹಾಕಿಯೇ ಮಾತಾಡಿದ. "ಹೆಸರು ಬೇಡ, ಊರು ಬೇಡ, ನಮ್ಮ ಮನೆತನದ್ದು ಏನೂ ಬೇಡ. ನೋಡಿದವರಿಗೆ ಗುರುತು ಹತ್ತಬಾರದು," ಎಂದು ಹಿಂದಿಯಲ್ಲಿ ಹೇಳಿದ. ಅವರು ಕೂಡಲೇ ಒಪ್ಪಿಕೊಂಡರು, ಅಣ್ಣ ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದ. ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಅವ್ವನ ಮುಖ ಸ್ವಲ್ಪ ಸಣ್ಣದಾದದ್ದನ್ನು ನಾನು ನೋಡಿದೆ.

ಸಿನಿಮಾ ಬಂತು. ಅಣ್ಣ ತಾನು ನೋಡುವುದಿಲ್ಲ, ಮನೆಯಲ್ಲಿ ಯಾರೂ ನೋಡಬೇಡಿ ಎಂದ. ಆದರೆ ಅಣ್ಣನ ಮಗಳು ಮೊಬೈಲಿನಲ್ಲಿ ಅದರ ತುಣುಕೊಂದನ್ನು ಹಾಕಿದಾಗ ಅವ್ವ ಹಿಂದಿನಿಂದ ನೋಡಿಬಿಟ್ಟಳು. ಬೆಳ್ಳಗಿನ ಹಿಮ, ಅದರ ಮೇಲೆ ಅಡ್ಡ ಬಿದ್ದ ಒಬ್ಬ ಮನುಷ್ಯ. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು, ಅಷ್ಟೇ. ಅವತ್ತು ಸಂಜೆ ನನಗೆ ಫೋನು ಮಾಡಿದಳು.

"ನೀ ಹೋಗಿ ನೋಡ್ಕೊಂಡ ಬಾ. ನಿಮ್ಮ ಅಣ್ಣಗ ಹೇಳಬ್ಯಾಡ. ನನಗ ಕಥಿ ಬ್ಯಾಡ, ಒಂದ ಹೇಳು ಸಾಕು. ಕುಂತಿದ್ನೋ, ಮಲಗಿದ್ನೋ."

ಈ ಪ್ರಶ್ನೆ ನಮ್ಮವರಲ್ಲದವರಿಗೆ ವಿಚಿತ್ರವಾಗಿ ಕೇಳಬಹುದು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸಿ ಕಳಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂಡಿಸುತ್ತೇವೆ. ಮಣ್ಣಿನಲ್ಲೂ ಹಾಗೆಯೇ, ಬದುಕಿದ್ದಾಗ ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿಟ್ಟು, ಪೂಜೆಗೆ ಕೂತವರ ಹಾಗೆ. ನಮ್ಮ ಅಜ್ಜನನ್ನು ಪಡಸಾಲೆಯಲ್ಲಿ ಕೂಡಿಸಿದಾಗ ನಾನು, ತಮ್ಮ ಇಬ್ಬರೂ ಬಾಗಿಲ ಮರೆಯಲ್ಲಿ ನಿಂತಿದ್ದೆವು. ತಲೆ ಜೋಲದಂತೆ ಹಣೆಗೆ ಬಿಳಿ ಪಟ್ಟಿ ಕಟ್ಟಿದ್ದರು. ತಮ್ಮ ನನ್ನ ಕಿವಿಯಲ್ಲಿ, "ಅಜ್ಜಗ ನಿದ್ದಿ ಬಂದೈತಿ, ಇವರು ಮಲಗಾಕ ಬಿಡವಲ್ರು," ಎಂದ. ನಾನು ನಕ್ಕೆ. ಯಾರೋ ನನ್ನ ಜಡೆ ಎಳೆದರು.

ಮರುದಿನ ಸಾಲೆಗೆ ಹೋದೆ. ನನ್ನದು ಕಾನ್ವೆಂಟು. ಬಿಡುವಿನಲ್ಲಿ ನಾವು ಆಡುತ್ತಿದ್ದ ಬಯಲಿನ ಆಚೆ, ತಂತಿ ಬೇಲಿಯೊಳಗೆ ತೀರಿಕೊಂಡ ಸಿಸ್ಟರ್‌ಗಳ ಕಲ್ಲುಗಳಿದ್ದವು. ಕಲ್ಲು ಯಾಕೆ ಇಷ್ಟು ಉದ್ದ ಎಂದು ಕೇಳಿದೆ. ಅವರೆಲ್ಲ ಮಲಗಿದ್ದಾರಲ್ಲ ಎಂದರು ನಮ್ಮ ಹೊಲಿಗೆ ಕಲಿಸುವ ಸಿಸ್ಟರ್. ಜೀವಮಾನವೆಲ್ಲ ನಮಗೆ ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ ಎನ್ನುತ್ತಿದ್ದವರು ಕೊನೆಗೆ ತಾವು ಮಲಗಿಬಿಡುತ್ತಾರೆಂದು ನನಗೆ ಬಹಳ ಆಶ್ಚರ್ಯವಾಗಿತ್ತು.

ತಮ್ಮ ಹೋದ ಮೇಲೆ ಅವ್ವನನ್ನು ಕಾಡಿದ್ದು ಇದೇ. ಸತ್ತ ಎನ್ನುವುದನ್ನು ಹೇಗೋ ನುಂಗಿಕೊಂಡಳು. ಅವನನ್ನು ಕೂಡಿಸಲಾಗಲಿಲ್ಲ ಎನ್ನುವುದು ಗಂಟಲಲ್ಲಿ ನಿಂತಿತು. ಅನ್ನ ಬಿಟ್ಟಳು. ಆಗ ಆ ತಂಡದಲ್ಲಿ ಬದುಕಿ ಬಂದ ಗೆಳೆಯನೊಬ್ಬ ದೂರದಿಂದ ನಮ್ಮ ಮನೆಗೆ ಬಂದ. ಕೊನೆಯಲ್ಲಿ ತಮ್ಮನ ಹತ್ತಿರ ಇದ್ದವನು ಅವನೇ. ಅವನ ಬೆರಳಿನ ತುದಿಗಳು ಇನ್ನೂ ಕಪ್ಪಾಗಿದ್ದವು. ಚಹಾದ ಕಪ್ಪನ್ನು ಎರಡೂ ಅಂಗೈ ನಡುವೆ ಹಿಡಿದು ಕುಡಿದ. ಅವನಿಗೆ ಕನ್ನಡ ಬಾರದು, ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ನಡುವೆ ನಾನು. ಅವ್ವ ಇದೊಂದೇ ಕೇಳಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಕಪ್ಪನ್ನು ಕೆಳಗಿಟ್ಟು, ನನ್ನ ಕಡೆ ನೋಡದೆ ಅವ್ವನ ಕಡೆಯೇ ನೋಡುತ್ತ, ಹೌದು, ಕುಳಿತಿದ್ದ, ನಾನು ಬಿಟ್ಟು ಹೊರಡುವಾಗ ಕುಳಿತೇ ಇದ್ದ ಎಂದ.

"ಹಂಗಾರ ನಮ್ಮ ಕೆಲಸಾ ಅವನ ಮಾಡ್ಕೊಂಡ," ಎಂದಳು ಅವ್ವ. ಆ ರಾತ್ರಿ ಉಂಡಳು.

ಆ ಒಂದು ಮಾತಿನ ಮೇಲೆ ಇಷ್ಟು ವರ್ಷ ನಮ್ಮ ಮನೆ ನಿಂತಿತ್ತು. ಈಗ ಅದನ್ನೇ ನೋಡಿ ಬಾ ಎಂದಿದ್ದಳು.

ಅಡುಗೆಮನೆ ಒರೆಸಿ, ತುಸು ಅನ್ನ ಉಂಡು, ತಿಳಿ ಬೂದು ಬಣ್ಣದ ಸೀರೆ ಉಟ್ಟು ಹೊರಬಿದ್ದೆ. ಶಾಲನ್ನು ಮರೆತೆ. ಗೇಟು ಹಾಕುವಾಗ ಭಾಭಿ ಅವರ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. "ಎಲ್ಲಿಗ್ರಿ ಅಕ್ಕಾರ, ದುರ್ಗದಬೈಲ್ ಪ್ಯಾಟಿಗೇನು?" ಎಂದರು. ಹೂಂ ಎಂದೆ. ಅವರಿಗೆ ನನ್ನ ತಮ್ಮನ ವಿಷಯ ಗೊತ್ತಿಲ್ಲ. ಹೇಳುವ ಸಂದರ್ಭ ಬಂದಿಲ್ಲ ಎಂದುಕೊಳ್ಳುತ್ತೇನೆ. ನಿಜವೆಂದರೆ ಅಂಥ ಸಂದರ್ಭ ತಾನಾಗಿ ಬರುವುದಿಲ್ಲ.

ಮಾಲ್‌ನ ಮೇಲಿನ ಮಹಡಿಯಲ್ಲಿ ಟಿಕೆಟ್ ಕೊಡುವ ಹುಡುಗಿ, "ಒಂದೇನ್ರಿ ಮೇಡಂ?" ಎಂದಳು. ಒಂದೇ ಎಂದೆ. ಪರದೆಯ ಮೇಲಿನ ಕುರ್ಚಿಗಳ ಚಿತ್ರ ತೋರಿಸಿ ಎಲ್ಲಿ ಬೇಕು ಎಂದಳು. ಗೋಡೆಯ ಪಕ್ಕ ಕೇಳಿದೆ. ನನ್ನ ಪಕ್ಕಕ್ಕೆ ಒಬ್ಬ ಹೆಂಗಸು, ಅವರ ಯಜಮಾನರು ಬಂದು ಕೂತರು. ಮುಂದಿನ ಸಾಲಿನಲ್ಲಿ ಕಾಲೇಜಿನ ಹುಡುಗರು. ಸುಟ್ಟ ಬೆಣ್ಣೆಯ ವಾಸನೆ, ಪಾಪ್‌ಕಾರ್ನ್ ಕುರುಕುವ ಸದ್ದು. ದೀಪ ಆರಿತು.

ಮೂವರು ಸಾಯುತ್ತಾರೆ ಎಂದು ನನಗೆ ಗೊತ್ತಿತ್ತು. ಆದರೆ ಆ ಮೂವರಲ್ಲಿ ನನ್ನ ತಮ್ಮ ಯಾರು ಎಂದು ಬಹಳ ಹೊತ್ತು ತಿಳಿಯಲಿಲ್ಲ. ಒಬ್ಬ ನಾಯಕ, ಗಡ್ಡದವನು, ಅವನಲ್ಲ. ಇನ್ನೊಬ್ಬ ಡಾಕ್ಟರು. ಉಳಿದವನು ತೆಳ್ಳಗಿನ, ನಗುವಾಗ ಒಸಡು ಕಾಣುವ ಹುಡುಗ, ನಾಸಿಕ್ ಊರಿನವನಂತೆ, ಮನೆಯಲ್ಲಿ ಮದುವೆ ಗೊತ್ತಾಗಿದೆಯಂತೆ. ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇಲ್ಲ, ಏನೋ ಒಂದು ಲಾಕೆಟ್ಟು. ಗುರುತು ಹತ್ತಬಾರದು ಎಂದು ನಾವೇ ಕೇಳಿಕೊಂಡಿದ್ದೆವು. ಅವರು ಕೊಟ್ಟ ಮಾತು ಚೆನ್ನಾಗಿಯೇ ನಡೆಸಿದ್ದರು. ಕತ್ತಲಲ್ಲಿ ಗುರುತು ಹುಡುಕುತ್ತ ಕೂತವಳು ನಾನು.

ಆಮೇಲೆ ಆ ಹುಡುಗ ಟೆಂಟಿನೊಳಗೆ ಒಂದು ಸ್ಟೀಲಿನ ಡಬ್ಬಿ ತೆಗೆದ. ಅದರಲ್ಲಿ ಬೇಸನ್ ಲಾಡು. ಎಲ್ಲರಿಗೂ ಹಂಚಿ, ಕೊನೆಗೆ ಡಬ್ಬಿಯ ತಳದ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತಾನು ತಿಂದ. ಅವ್ವ ಕಳಿಸಿದ್ದು ಶೇಂಗಾ ಹೋಳಿಗೆ. ಅದನ್ನು ಅವನು ಮೇಲೆ ಹಂಚಿದ್ದನ್ನು ಗೆಳೆಯ ನಮಗೆ ಹೇಳಿದ್ದ. ಪುಡಿಯನ್ನು ಬೆರಳಿಗೆ ಅಂಟಿಸಿಕೊಂಡು ತಿನ್ನುವುದನ್ನು ಯಾರೂ ಹೇಳಬೇಕಾಗಿರಲಿಲ್ಲ, ಅದನ್ನು ಅವನ ಚಿಕ್ಕಂದಿನಿಂದ ನಾನು ನೋಡಿದ್ದೆ. ಅಲ್ಲಿಂದ ಮುಂದೆ ನಾನು ಸಿನಿಮಾ ನೋಡಲಿಲ್ಲ. ಅವನನ್ನಷ್ಟೇ ನೋಡಿದೆ. ಅವನು ಚೌಕಟ್ಟಿನ ಅಂಚಿನಲ್ಲಿ ಬೆನ್ನು ತಿರುಗಿಸಿ ಬೂಟಿನ ಲೇಸು ಕಟ್ಟುತ್ತಿದ್ದರೂ ಅದನ್ನೇ ನೋಡಿದೆ.

ಬಿರುಗಾಳಿ ಎದ್ದಾಗ ಇಡೀ ಥಿಯೇಟರಿಗೆ ಚಳಿ ಹತ್ತಿತು. ಮುಂದಿನ ಸಾಲಿನವನೊಬ್ಬ, "ಲೇ, ಯಾರರ ಆ ಬಾಗಲಾ ಹಾಕ್ರಲೇ, ಹಿಮಾ ಒಳಗ ಬರಾಕತ್ತೈತಿ," ಎಂದ. ನಾಲ್ಕಾರು ಜನ ನಕ್ಕರು. ಪಕ್ಕದ ಹೆಂಗಸು ತಮ್ಮ ಯಜಮಾನರಿಗೆ, "ಇವರಿಗೇನ ಮನ್ಯಾಗ ಕೆಲಸ ಇರೂದಿಲ್ಲೇನ್ರಿ? ಇಷ್ಟ ದೂರ ಹೋಗಿ ಸಾಯೂದು," ಎಂದರು.

"ನಿನ್ನ ತಮ್ಮಗ ಹೇಳು. ಅಂವಾ ಮಂಚದ ಮ್ಯಾಲಿಂದನ ಇಳೀವಲ್ಲ."

"ನನ್ನ ತಮ್ಮನ ಸುದ್ದಿ ಯಾಕ ಈಗ?" ಎಂದು ಆಕೆ ಅವರ ಕೈಯಿಂದ ಪಾಪ್‌ಕಾರ್ನ್ ಕಿತ್ತುಕೊಂಡರು.

ನನಗೂ ನಗು ಬಂತು. ಹಾಗೆ ಮಾತಾಡಲು ಒಬ್ಬ ತಮ್ಮ ಇರುವುದು ಎಷ್ಟು ಸಲೀಸಾದ ಸಂಗತಿ. ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡೆ.

ಆ ಹುಡುಗನಿಗೆ ನಡೆಯಲಾಗುವುದಿಲ್ಲ. ಗೆಳೆಯ ಅವನನ್ನು ಹಿಮಗಟ್ಟಿದ ಬಂಡೆಗೆ ಆನಿಸಿ ಕೂಡಿಸುತ್ತಾನೆ. ಮುಖದ ಮೇಲಿನ ಹಿಮ ಒರೆಸುತ್ತಾನೆ. ಇಬ್ಬರೂ ಏನೋ ಮಾತಾಡಿಕೊಳ್ಳುತ್ತಾರೆ. ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದ ಅಕ್ಷರಗಳು ನನಗೆ ಓದಲಾಗಲಿಲ್ಲ. ಗೆಳೆಯ ಎದ್ದು ಹೊರಡುತ್ತಾನೆ. ಹುಡುಗ ಕೂತಿದ್ದ. ಬೆನ್ನು ನೆಟ್ಟಗಿತ್ತು, ಕೈಗಳೆರಡೂ ತೊಡೆಯ ಮೇಲಿದ್ದವು. ಕುಂತಾನ ಅವ್ವಾ, ಎಂದುಕೊಂಡೆ ಮನಸ್ಸಿನಲ್ಲಿ. ಮನೆಗೆ ಬಂದ ಆ ಗೆಳೆಯ ಹೇಳಿದ್ದು ನಿಜ. ನೋಡಬೇಕಾದದ್ದನ್ನು ನೋಡಿಯಾಯಿತು. ಬ್ಯಾಗು ತೆಗೆದುಕೊಂಡೆ, ಏಳಬೇಕು ಎನ್ನುವಷ್ಟರಲ್ಲಿ ಸಿನಿಮಾ ಮತ್ತೆ ಅಲ್ಲಿಗೇ ಹೋಯಿತು.

ಗೆಳೆಯ ಕೆಳಗಿಳಿಯುತ್ತ ಒಮ್ಮೆ ತಿರುಗಿ ನೋಡುತ್ತಾನೆ. ದೂರದಲ್ಲಿ ಆ ಹುಡುಗ ಈಗ ಮಲಗಿದ್ದ. ಬಲಮಗ್ಗುಲಿಗೆ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು, ಒಂದು ಅಂಗೈ ಕೆನ್ನೆಯ ಕೆಳಗೆ. ಹಿಮ ನಿಧಾನವಾಗಿ ಅವನ ಮೇಲೆ ಕೂಡುತ್ತಿತ್ತು.

ಹುಬ್ಬಳ್ಳಿ-ಧಾರವಾಡದ ನಡುವಿನ ಬಸ್ಸಿನಲ್ಲಿ ಅವ್ವನ ತೊಡೆಯ ಮೇಲೆ ಅವನು ಮಲಗುತ್ತಿದ್ದದ್ದು ಹೀಗೆಯೇ. ಹೆಸರು ಬದಲಿಸಿದ್ದರು, ಊರು ಬದಲಿಸಿದ್ದರು, ಹೋಳಿಗೆ ಬದಲಿಸಿದ್ದರು. ಇದು ಹೇಗೆ ಅವರಿಗೆ ಗೊತ್ತಾಯಿತು? ಗೆಳೆಯ ತಿರುಗಿ ನೋಡಿದ್ದನೇ? ನೋಡಿದ್ದನ್ನು ನಮಗೆ ಹೇಳದೆ ಅವರಿಗೆ ಹೇಳಿದನೇ? ಅಥವಾ ಚಳಿಯಲ್ಲಿ ಯಾವ ಮನುಷ್ಯನಾದರೂ ಹೀಗೆಯೇ ಮಲಗುತ್ತಾನೆಯೇ? ಬಹುಶಃ ಅಷ್ಟೇ ಇರಬೇಕು. ನನಗೆ ಇಂದಿಗೂ ತಿಳಿಯದು.

ದೀಪ ಹತ್ತಿದಾಗ ಪಕ್ಕದ ಹೆಂಗಸು ಕಣ್ಣು ಒರೆಸಿಕೊಂಡು, "ಭಾಳ ಛಲೋ ಮಾಡ್ಯಾರ್ರೀ," ಎಂದರು ನನಗೆ. ಹೌದ್ರಿ ಎಂದೆ. ಅವರ ಮುಂದೆ ನನ್ನ ಕಣ್ಣು ಒಣಗಿಯೇ ಇತ್ತು. ಕಲ್ಲಿನಂಥವಳು ಎಂದುಕೊಂಡಿರಬಹುದು.

ಆಟೋದಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಮೊದಲು ಕೂತಿದ್ದ, ಆಮೇಲೆ ಮಲಗಿದ ಎಂದು ಹೇಳಲೇ? ಅದು ಸಿನಿಮಾದವರ ಕಲ್ಪನೆ ಎಂದು ಕೂಡಿಸಲೇ? ಹೇಗೆ ಹೇಳಿದರೂ ಅವ್ವನಿಗೆ ಕಿವಿಯಲ್ಲಿ ಉಳಿಯುವುದು ಕೊನೆಯ ಮಾತು. ಮತ್ತೆ ಊಟ ಬಿಟ್ಟರೆ? ಮನೆಗೆ ಬಂದು ಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಒಂದು ಹೂವು ಸರಿಸಿ ಇಟ್ಟೆ. ಆ ಹೊತ್ತಿಗೆ ಸರಿಯಾಗಿ ಫೋನು ಬಂತು.

"ಹೋಗಿ ಬಂದ್ಯಾ?"

"ಈಗ ಬಂದೆ."

"ಉಂಡಿಯೇನ?"

"ಉಂಡೇನಿ ಅವ್ವಾ. ನೀ?"

"ನಂದ ಇರಲಿ. ಹೇಳು."

"ಕುಂತಿದ್ದ," ಎಂದೆ. "ಬಂಡೆಗಲ್ಲಿಗೆ ಆತುಗೊಂಡ ಕುಂತಿದ್ದ. ಬೆನ್ನ ನೆಟ್ಟಗ ಇತ್ತು. ನಾ ನೋಡಿದೆ." ಅಲ್ಲಿಯ ತನಕ ನಾನು ಹೇಳಿದ್ದು ನಿಜ.

"ಕಡೀತನಾ?"

"ಕಡೀತನಾ."

ಆ ಕಡೆಯಿಂದ ಅಣ್ಣನ ಮನೆಯ ಟಿವಿಯ ಸದ್ದು, ಯಾರೋ ಕುಕ್ಕರಿನ ಮುಚ್ಚಳ ತೆಗೆದ ಸದ್ದು. ಅವ್ವನಿಗೆ ಸಮಾಧಾನವಾಯಿತು ಎಂದುಕೊಂಡೆ.

"ಮಲಗಲೇ ಇಲ್ಲ ಹಂಗಾರ," ಎಂದಳು.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಅವಗ ಕುಂತ ನಿದ್ದಿ ಹತ್ತತಿದ್ದಿಲ್ಲ ನೋಡು. ಮೊದಲ ನನಗ ಕುಂತಿದ್ದ ಅಂದ್ರ ಸಾಕಾಗಿತ್ತು. ಈಗೀಗ ರಾತ್ರಿ ಎಚ್ಚರಾದ್ರ ಅದ ಅನಸತೈತಿ, ಕೂಸು ಇನ್ನೂ ಕುಂತ ಐತಿ ಅಂತ. ಎಷ್ಟಂತ ಕುಂಡ್ರತಾನ? ಅವತ್ತ ಆ ಮೊಬೈಲ್‌ನ್ಯಾಗ ಒಬ್ಬಾಂವ ಮಲಗಿದ್ದ ಕಂಡನಲ್ಲ. ಇವನ ನಮ್ಮಾಂವ ಇರಲಿ ಶಿವನ, ಒಂದೀಟ ಅಡ್ಡಾಗಿರಲಿ ಅಂತ ಬೇಡ್ಕೊಂಡಿದ್ದೆ."

ನನ್ನ ಬಾಯಿ ತೆರೆಯಿತು. ಅವ್ವಾ, ಅವನೇ, ಮಲಗಿದ್ದವನು ಅವನೇ ಎನ್ನಬೇಕು. ಆದರೆ ಈಗಷ್ಟೇ ಕಡೆಯ ತನಕ ಕೂತಿದ್ದ ಎಂದ ಬಾಯಿಯಿಂದ ಅದು ಬಂದರೆ ಅವಳು ಯಾವುದನ್ನು ನಂಬಬೇಕು? "ನನ್ನ ಸಮಾಧಾನ ಮಾಡಾಕ ಹೇಳ್ತಿ," ಎನ್ನುತ್ತಾಳೆ. ಆಮೇಲೆ ಕೂತದ್ದನ್ನೂ ನಂಬುವುದಿಲ್ಲ, ಮಲಗಿದ್ದನ್ನೂ ನಂಬುವುದಿಲ್ಲ.

"ಇರಲಿ ಬಿಡು," ಎಂದಳು ಅವಳೇ. "ಕುಂತನಲ್ಲ. ಹಿರ್ಯಾರಂಗ ಹ್ವಾದ. ನೀ ಅಳಬ್ಯಾಡ." ಫೋನು ಇಟ್ಟಳು. ನಾನು ಅಳುತ್ತಿರಲಿಲ್ಲ.

ಎಷ್ಟು ಹೊತ್ತು ಹಾಗೆ ಫೋನು ಹಿಡಿದು ನಿಂತಿದ್ದೆನೋ. ಹೊರಗೆ ಓಣಿಯ ದೀಪ ಹತ್ತಿತ್ತು, ಒಳಗೆ ದೇವರ ಮುಂದಿನದು ಬಿಟ್ಟು ಯಾವುದೂ ಇರಲಿಲ್ಲ. ಬಾಗಿಲು ಸರಿಸಿ ಭಾಭಿ ಒಳಗೆ ಇಣುಕಿದರು, ಕೈಯಲ್ಲಿ ಸಣ್ಣ ಬಟ್ಟಲು.

"ಅಕ್ಕಾರ, ಒಂದೀಟ ಹೆಪ್ಪ ಇದ್ರ ಕೊಡ್ರಿ. ನಮ್ಮ ಮನ್ಯಾಗಿನ ಮಸರ ಎಲ್ಲಾ ಖಾಲಿ ಮಾಡ್ಯಾರ," ಎಂದವರು ನನ್ನನ್ನು ನೋಡಿ, "ಲೈಟ್ ಯಾಕ್ರಿ ಹಾಕಿಲ್ಲ?" ಎಂದು ತಾವೇ ಗುಂಡಿ ಒತ್ತಿದರು.

ನಾನು ಒಳಗೆ ಹೋಗಿ ಗಡಿಗೆಯಿಂದ ಒಂದು ಚಮಚ ಮೊಸರು ಅವರ ಬಟ್ಟಲಿಗೆ ಹಾಕಿದೆ. ಚೆಲ್ಲಿತು. ಬೆರಳಿನಿಂದ ಅಂಚು ಒರೆಸಿ ಕೊಟ್ಟೆ. ಅವರು ಬಟ್ಟಲನ್ನು ಸೆರಗಿನ ಮರೆ ಮಾಡಿಕೊಂಡು ಮೆಟ್ಟಿಲು ಇಳಿಯುತ್ತ, ಚಪ್ಪಲಿಯನ್ನು ಕಾಲಿನಿಂದಲೇ ಹುಡುಕುತ್ತ, ಹಿಂದೆ ನೋಡದೆ ಅಂದರು:

"ಮುಂಜಾನಿಂದ ನಿಂತ ಕಾಲ ಮ್ಯಾಲ ಅದೀರಿ ಅಕ್ಕಾರ. ಒಂದೀಟ ಕುಂಡ್ರಿ, ಇಲ್ಲಾ ಮಲ್ಕೋರಿ. ಯಾರ ಕೇಳಾವ್ರ ಅದಾರ?"